ಹೀಟರ್ ತಣ್ಣಗಾದ್ರೆ ಇಂಜಿನ್ ಕಡೆ ನೋಡಿ

ಕಾಫಿ, ಮೆಣಸು ಬಿಟ್ಟು ಇವತ್ತು ಕಾರಿನ ವಿಷಯ. ತಪ್ಪು ನಂದೇ. ನಮ್ಮ ಸುತ್ತಮುತ್ತ ಹಳೇ ಕಾರು ಓಡಿಸೋರು ಬಹಳ ಜನ ಇದ್ದೀರಿ, ಅದಕ್ಕೇ ಬರೀತಿದ್ದೀನಿ.

ನಮ್ಮದು 2003ರ ಪೆಟ್ರೋಲ್ ಕಾರು. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಮಂಜಿಗೆ ಗಾಜು ಮಬ್ಬಾಗ್ತಿತ್ತು. ಹೀಟರ್ ಹಾಕಿದ್ರೆ ಬರೀ ತಣ್ಣನೆ ಗಾಳಿ. ಕುಯ್ಲು ಮುಗೀಲಿ, ಆಮೇಲೆ ನೋಡಿದ್ರಾಯ್ತು ಅಂತ ಬಟ್ಟೆಯಲ್ಲಿ ಗಾಜು ಒರೆಸ್ಕೊಂಡೇ ಒಂದು ತಿಂಗಳು ಓಡಿಸಿದೆ.

ಜನವರಿಯಲ್ಲಿ ಉಜಿರೆಗೆ ಮದುವೆಗೆ ಹೋಗಿ, ಅಮ್ಮನನ್ನ ಕೂರಿಸ್ಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಟೆಂಪರೇಚರ್ ಮುಳ್ಳು ಮೇಲೇರಿತು. ಇನ್ನೆರಡು ತಿರುವು ದಾಟಿ ನಿಲ್ಲಿಸೋಣ ಅಂದ್ಕೊಂಡೆ. ಅಷ್ಟರಲ್ಲಿ ಮುಳ್ಳು ದಿಢೀರಂತ ಕೆಳಗಿಳಿಯಿತು. ಸದ್ಯ, ತಣ್ಣಗಾಯ್ತು ಅಂತ ಖುಷಿಪಟ್ಟೆ. ಒಂದು ಫರ್ಲಾಂಗ್ ಹೋಗಿಲ್ಲ, ಬಾನೆಟ್ ಸಂದಿಯಿಂದ ಹಬೆ.

ನಿಲ್ಲಿಸಿ, ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅಮ್ಮ ನೀರಿನ ಬಾಟ್ಲಿ ಹಿಡ್ಕೊಂಡು ಪಕ್ಕದಲ್ಲೇ ಬಗ್ಗಿ ನಿಂತಿದ್ರು. ಹಿಂದೆ ಬಂದ ಲಾರಿ ಡ್ರೈವರ್ ಕೂಗಿದ: "ಮುಟ್ಬೇಡ್ರೀ! ಮುಖ ಬೇಕಾ ಬೇಡ್ವಾ?" ಒಳಗೆ ಒತ್ತಡ ಇರೋದ್ರಿಂದ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ. ಮುಚ್ಚಳ ಸಡಿಲಾದ ಕ್ಷಣ ಒಮ್ಮೆಲೇ ಕುದ್ದು ಚಿಮ್ಮುತ್ತೆ. ಆ ಡ್ರೈವರ್ ಬರದೇ ಇದ್ದಿದ್ರೆ ಏನಾಗ್ತಿತ್ತು ಅಂತ ಈಗ್ಲೂ ನೆನೆಸ್ಕೊಳ್ಳೋಕೆ ಆಗಲ್ಲ.

ಕಾರನ್ನ ಎಳೆಸ್ಕೊಂಡು ಊರಿಗೆ ತಂದಾಗ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ಹೀಟರ್ ಬಿಸಿ ಬರ್ತಿತ್ತಾ?"

ಹೀಟರ್‌ಗೆ ಬೇರೆ ಒಲೆ ಇಲ್ಲ. ಇಂಜಿನ್ ತಣ್ಣಗೆ ಮಾಡೋ ಕೂಲೆಂಟೇ ಅದರೊಳಗೂ ಓಡೋದು. ಕೂಲೆಂಟ್ ಕಮ್ಮಿಯಾಗಿ ಗಾಳಿ ಸೇರಿದ್ರೆ ಹೀಟರ್ ತಣ್ಣಗಾಗುತ್ತೆ, ಹೊಳೆ ಪಂಪ್ ಗಾಳಿ ಹಿಡಿದು ನೀರೆತ್ತದ ಹಾಗೆ. ಮುಳ್ಳು ಕೆಳಗಿಳಿದದ್ದೂ ಅದಕ್ಕೇ. ಸೆನ್ಸರ್ ಸುತ್ತ ನೀರೇ ಇಲ್ಲ ಅಂದ್ರೆ ಅದು ಸುಳ್ಳು ಹೇಳುತ್ತೆ.

ಇಂಜಿನ್ ಹಿಂಭಾಗದಲ್ಲಿ ಹೀಟರ್ ಪೈಪ್ ತುಕ್ಕು ಹಿಡಿದು ಸಣ್ಣಗೆ ಸೋರುತ್ತಿತ್ತು. ಸೋರಿದ್ದು ಬಿಸಿಗೆ ಅಲ್ಲೇ ಆರಿಹೋಗ್ತಿತ್ತು, ನೆಲದ ಮೇಲೆ ಹನಿ ಇಲ್ಲ. ಹೊಸ ಪೈಪ್‌ಗೆ ಕೆಲವೇ ನೂರು ರೂಪಾಯಿ. ಆದ್ರೆ ನೀರು ತುಂಬಿಸಿ ಸ್ಟಾರ್ಟ್ ಮಾಡಿದ್ರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲಲೇ ಇಲ್ಲ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಹೋಗಿ, ಹೆಡ್ಡೂ ಬಾಗಿತ್ತು. ಮೆಣಸು ಮಾರಿದ ದುಡ್ಡು ಅಲ್ಲಿಗೆ ಹೋಯ್ತು.

ಅವನಿಂದ ಕಲಿತದ್ದನ್ನ ಬರೆದಿಡ್ತೀನಿ:

ಹೀಟರ್ ತಣ್ಣಗಿದ್ರೆ, ಇಂಜಿನ್ ಪೂರ್ತಿ ಆರಿದ ಮೇಲೆ ಮೊದಲು ಕೂಲೆಂಟ್ ಮಟ್ಟ ನೋಡಿ. ಡಬ್ಬಿಯಲ್ಲಿ ಮಾತ್ರ ಅಲ್ಲ, ರೇಡಿಯೇಟರ್‌ನಲ್ಲೂ.

ಮಟ್ಟ ಸರಿಯಿದ್ರೆ, ಇಂಜಿನ್ ಬಿಸಿಯಾದಾಗ ಹೀಟರ್‌ನ ಎರಡು ಪೈಪ್ ಹುಷಾರಾಗಿ ಮುಟ್ಟಿ. ಎರಡೂ ಬಿಸಿ ಇದ್ರೆ ತೊಂದರೆ ಒಳಗಿನ ಕೇಬಲ್ ಅಥವಾ ಫ್ಲಾಪ್‌ದು. ಒಂದು ಬಿಸಿ ಒಂದು ತಣ್ಣಗೆ ಅಂದ್ರೆ ಹೀಟರ್ ಕಟ್ಟಿಕೊಂಡಿದೆ, ಇಲ್ಲಾ ಗಾಳಿ ಹಿಡಿದಿದೆ.

ನಿಂತಾಗ ಮಾತ್ರ ಬಿಸಿಯಾದ್ರೆ ಫ್ಯಾನ್ ನೋಡಿ. ಏರಿನಲ್ಲಿ, ವೇಗದಲ್ಲಿ ಬಿಸಿಯಾದ್ರೆ ರೇಡಿಯೇಟರ್ ಕಟ್ಟಿರಬಹುದು. ಬೋರ್‌ವೆಲ್ ನೀರು ಹಾಕ್ಬೇಡಿ, ಒಳಗೆ ಪೊರೆ ಕಟ್ಟುತ್ತೆ.

ದಾರಿಯಲ್ಲಿ ಮುಳ್ಳು ಏರಿದ್ರೆ ಎಸಿ ಆಫ್, ಹೀಟರ್ ಫುಲ್. ಬಿಸಿ ಗಾಳಿ ಬಂದ್ರೆ ನಿಲ್ಲಿಸೋ ಜಾಗ ಹುಡುಕೋಕೆ ಸ್ವಲ್ಪ ಸಮಯ ಸಿಗುತ್ತೆ. ತಣ್ಣನೆ ಗಾಳಿ ಬಂದ್ರೆ ಅಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. ಪೂರ್ತಿ ಆರೋವರೆಗೂ ಮುಚ್ಚಳ ಮುಟ್ಬೇಡಿ, ಕಾದ ಇಂಜಿನ್‌ಗೆ ತಣ್ಣೀರು ಸುರೀಬೇಡಿ.

ಮೆಣಸಿನ ಬಳ್ಳೀಲಿ ಎಲೆ ಹಳದಿಯಾದ್ರೆ ಬುಡ ಕೆದಕಿ ಬೇರು ನೋಡೋ ನಾನು, ಕಾರಿನಲ್ಲಿ ಗಾಜು ಒರೆಸ್ತಾ ಕೂತಿದ್ದೆ. ನಾಳೆ ಬೆಳಿಗ್ಗೆ ಕಾರು ತೆಗೆದಾಗ ಒಂದ್ಸಲ ಹೀಟರ್ ಹಾಕಿ ನೋಡಿ.