ಕಡಲು ದಾಟಿದ ಸಾರು

ಕದರಮಂಡಲಗಿಯಲ್ಲಿ ಕಾಂತೇಶನ ಗುಡಿಗೆ ಸಮೀಪದ ಮನೆಯೊಂದರ ಮಗನು ಉದ್ಯೋಗನಿಮಿತ್ತವಾಗಿ ಲಂಡನ್ನಿನಲ್ಲಿರುವನು. ಸ್ವದೇಶದ ಪೌರತ್ವವನ್ನು ಬಿಟ್ಟವನಲ್ಲ. ಇಂಥ ಪರದೇಶವಾಸಿಗಳಿಗೆ ಮತದಾರರ ಯಾದಿಯಲ್ಲಿ ಸೇರುವ ಹಕ್ಕು 2010ರ ತಿದ್ದುಪಡಿಯಿಂದ ದೊರೆತಿದೆಯಷ್ಟೆ. ಆತನೂ 6ಎ ನಮೂನೆಯನ್ನು ತುಂಬಿ ಊರಿನ ಯಾದಿಯಲ್ಲಿ ಸೇರಿದನು. ಆದರೆ ಹೆಸರು ಊರಲ್ಲಿದ್ದರೆ ಸಾಲದು. ದೇಹವೂ ಪಾಸ್‌ಪೋರ್ಟಿನೊಡನೆ ಮತಗಟ್ಟೆಯಲ್ಲಿ ನಿಲ್ಲತಕ್ಕದ್ದು. ಸೈನಿಕನಿಗೂ ದೂತಾವಾಸದ ಅಧಿಕಾರಿಗೂ ಇರುವ ಅಂಚೆಯ ಮತವು ಇವನಿಗಿಲ್ಲ. ಪ್ರತಿನಿಧಿಯ ಕೈಯಿಂದ ಮತ ಹಾಕಿಸುವ ಮಸೂದೆಯನ್ನು ಲೋಕಸಭೆಯು 2018ರಲ್ಲಿ ಅಂಗೀಕರಿಸಿದರೂ, ರಾಜ್ಯಸಭೆಯನ್ನು ದಾಟದೆ ಅದು 2019ರಲ್ಲಿ ಬಿದ್ದುಹೋಯಿತು.

2024ನೆಯ ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರದ ಮತದಾನ. ಅವನಿಗೆ ರಜೆ ದೊರೆಯಲಿಲ್ಲ. ಲಂಡನ್ನಿನಲ್ಲಿ ಮಧ್ಯಾಹ್ನ 1-30 ಆದಾಗ ಇಲ್ಲಿ ಸಂಜೆಯ 6. ಮತದಾನದ ವೇಳೆ ಮುಗಿಯಿತು. ತಾಯಿಯು ಶಾಯಿ ಹಚ್ಚಿದ ಬೆರಳನ್ನು ಫೋನಿನಲ್ಲಿ ತೋರಿಸಿ, “ನಿನ್ನ ಪಾಲಿನದನ್ನ ನಾ ಹಾಕಾಕ ಬರೂದಿಲ್ಲಲ್ಲಪಾ” ಎಂದಳು.

ಆ ರಾತ್ರಿ ಅವನು ಹುರುಳಿಯನ್ನು ಬೇಯಿಸಿ, ಕಟ್ಟನ್ನು ಬಸಿದು, ಹುಣಿಸೆಯ ಹುಳಿ ಹಿಂಡಿ, ತಾಯಿ ಕಳಿಸಿದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಹಾಕಿದನು. ಬಣ್ಣ ಬಹಳ, ಖಾರ ಮಿತ. ಆ ಕಾಯಿಯ ಗುಣವೇ ಅದು. ಬೆಳ್ಳುಳ್ಳಿಯ ಒಗ್ಗರಣೆಯು ಚುರ್ರೆಂದೊಡನೆ ಪರದೇಶದ ಕೋಣೆಯು ಊರ ಅಡಿಗೆಮನೆಯಾಯಿತು. ಎರಡು ಬಟ್ಟಲು ಕುಡಿಯುವದರೊಳಗೆ ಸಿಟ್ಟು ಇಳಿಯಿತು.

ಸಾರು ಸಿಟ್ಟನ್ನು ಇಳಿಸೀತು, ಕೊರತೆಯನ್ನು ತುಂಬಲಾರದು. ತಾಯಿಯ ಕೈಯ ಪುಡಿಯು ಕಡಲು ದಾಟಿ ಮಗನ ಒಲೆಗೆ ಬಂದಿತು. ಮಗನ ಮತವು ಮಾತ್ರ ಕಡಲು ದಾಟಿ ತಾಯಿಯ ಊರಿಗೆ ಹೋಗಲಿಲ್ಲ.