ಎತ್ತರ ಎಲ್ಲಿ ಬೇಕು?

ಚಿಕ್ಕೋಡಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಪಿಕಪ್ ಗಾಡಿಯ ಹೊಟ್ಟೆ ಹಿಡಿಯುತ್ತದೆ. ಕಾಲೇಜು ಓದುವ ಮಗನಿಗೆ ಆಗ ಗಾಡಿ ಎತ್ತರಿಸುವ ಆಸೆ. "ಅಪ್ಪಾ, ಯಾವ ಲಿಫ್ಟ್ ಛಲೋ?"

ಚಾಸಿಗೂ ಬಾಡಿಗೂ ನಡುವೆ ಬಿಲ್ಲೆಗಳನ್ನಿಟ್ಟರೆ ಬಾಡಿ ಲಿಫ್ಟ್. ಖರ್ಚು ಕಡಿಮೆ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ಚಾಸಿ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್, ಕಮಾನುಪಟ್ಟಿ ಬದಲಿಸಿದರೆ ಸಸ್ಪೆನ್ಷನ್ ಲಿಫ್ಟ್. ಚಾಸಿಯೂ ಏರುತ್ತದೆ, ಖರ್ಚೂ ಏರುತ್ತದೆ. ಆಕ್ಸಲನ್ನು ನೆಲದಿಂದ ಎತ್ತುವುದು ದೊಡ್ಡ ಟೈರು ಮಾತ್ರ. ಎರಡರಲ್ಲೂ ಗುರುತ್ವಕೇಂದ್ರ ಮೇಲೇರಿ, ಹೇರು ತುಂಬಿದ ಗಾಡಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ತಂದೆ ಮೊದಲು ನೋಡಬೇಕಾದದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನೋಂದಣಿ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕಂಪನಿ ಅಳತೆಯ ಆಳಹಲ್ಲಿನ ಟೈರು, ಹದವಾದ ಹೇರು ಇದ್ದರೆ ಎಷ್ಟೋ ಕೆಸರು ದಾಟಬಹುದು.