ವ್ಯಾಟ್ ಅಂದ್ರ ಬಿಸಿ ಅಲ್ಲರೀ

ಸೋಲ್ಡರಿಂಗ್ ಐರನ್ ಕೊಳ್ಳುವಾಗ ನಮ್ಮ ಅಂದೋಲಾ ಕಡೆಯ ಹಳ್ಳಿಗಳಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ‘ಇಪ್ಪತ್ತೈದರದು ಕೊಡ್ರಿ’. 25 ವ್ಯಾಟ್ ಅಂದರೆ ಹದ, 60 ಅಂದರೆ ಬೋರ್ಡು ಸುಟ್ಟೇಹೋಯಿತು ಅನ್ನುವ ಲೆಕ್ಕ. ಈ ಲೆಕ್ಕದ ಬಗ್ಗೆ ನನ್ನ ತಕರಾರಿದೆ.

ತವರ–ಸೀಸದ 60/40 ಸೋಲ್ಡರ್ 190 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುತ್ತದೆ. ಅಷ್ಟು ಬಿಸಿ ಎಂಥ ಐರನ್ನಿಗೂ ಬರುತ್ತದೆ. ತಾಪತ್ರಯ ಇರುವುದು ಐರನ್ನಿನ ತುದಿಯ ಬಿಟ್ ತಾಗಿಸಿದ ಮೇಲೆ. ತೊಗರಿಗೆ ಕಾಯಿಕೊರಕದ ಔಷಧ ಹೊಡೆಯುವ ಬ್ಯಾಟರಿ ಪಂಪಿನ ವಾಯರು ಕಿತ್ತಿತು ಅನ್ನಿ. ದಪ್ಪ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಸೋಲ್ಡರ್ ಹರಿಯದೆ ಗುಂಡಗೆ ನಿಲ್ಲುತ್ತದೆ. ತೆಳು ಹಂಚಿಗೆ ಜೋಳದ ರೊಟ್ಟಿ ಹಾಕಿದರೆ ಹಂಚೇ ಆರುವುದಿಲ್ಲವೇ, ಹಾಗೆ. ಹೋದ ಬಿಸಿಯನ್ನು ಎಷ್ಟು ಬೇಗ ತುಂಬಬಲ್ಲದು ಅನ್ನುವುದೇ ವ್ಯಾಟ್. ಎಲ್‌ಇಡಿ ಬಲ್ಬಿನ ಕಾಳು ಎಷ್ಟು ಸಣ್ಣದು! ಆದರೂ 25ರದು ಅಲ್ಲಿ ಸೋಲುತ್ತದೆ, ಯಾಕಂದರೆ ಕಾಳಿನ ಕೆಳಗೆ ಅಲ್ಯೂಮಿನಿಯಂ ತಟ್ಟೆ ಇದೆ.

ಇನ್ನು ನಮ್ಮ ಹಳ್ಳಿಗಳ ಕರೆಂಟು. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 230ರಿಂದ 180ಕ್ಕೆ ಬಿದ್ದರೆ 25 ವ್ಯಾಟಿನ ಐರನ್ನಿನಲ್ಲಿ ಉಳಿಯುವುದು ಸುಮಾರು 15 ವ್ಯಾಟ್. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಶಕ್ತಿ ಇಳಿಯುತ್ತದೆ.

ಹಾಗಾಗಿ ಮನೆಗೆ ಒಂದೇ ಐರನ್ ಅಂದರೆ ನಾನು ಹೇಳುವುದು, ತಾಪಮಾನ ತಾನೇ ಅರಿತು ನಿಲ್ಲಿಸುವ 60 ವ್ಯಾಟಿನದು. 350 ಡಿಗ್ರಿ ಆಸುಪಾಸು ಇಟ್ಟರೆ ಎರಡು–ಮೂರು ಸೆಕೆಂಡಿನಲ್ಲಿ ಬೆಸುಗೆ ಮುಗಿಯುತ್ತದೆ. ಬಲವಿಲ್ಲದ ಐರನ್ ಹಿಡಿದು ಬಹಳ ಹೊತ್ತು ತಿಕ್ಕುವುದರಿಂದಲೂ ಬೋರ್ಡು ಕೆಡುತ್ತದೆ. ಬರೀ ತಿರುಗಣೆ ಇದ್ದು, ಒಳಗೆ ತಾಪ ಅಳೆಯುವ ಸೆನ್ಸರ್ ಇಲ್ಲದವೂ ಬರುತ್ತವೆ, ನೋಡಿ ತಗೊಳ್ಳಿ. ಬಿಟ್ ಸೂಜಿಮೊನೆಯದು ಬೇಡ, ಉಳಿಯ ಬಾಯಿಯದಿರಲಿ. ಮೂರು ಪಿನ್ನಿನ ಪ್ಲಗ್ಗೂ ಬೇಕು, ಅರ್ಥಿಂಗೂ ಬೇಕು.

ಬೆಸುಗೆಯ ಮಾತು ಬಂದಾಗ ಪಾತ್ರೆಗೆ ಕಲಾಯಿ ಹಾಕುವವರು ನೆನಪಾಗುತ್ತಾರೆ. ಕಾದ ಹಿತ್ತಾಳೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒರೆಸುತ್ತಿದ್ದ ಆ ಕೈಗಳಿಗೆ ಬೆಸುಗೆಯ ಗುಟ್ಟೆಲ್ಲ ಗೊತ್ತಿತ್ತು. ಲೋಹದ ಮೇಲಿನ ಕಿಲುಬು ಕಳೆಯದೆ ತವರ ಹಿಡಿಯದು. ಸರ್ಕ್ಯೂಟಿನಲ್ಲಿ ಆ ಕೆಲಸ ರಾಳದ್ದು, ನವಸಾಗರ ಹಾಕಿದರೆ ಕಾಲಕ್ರಮೇಣ ತಾಮ್ರ ತಿಂದುಹಾಕುತ್ತದೆ. ಬಿಟ್ಟಿಗೂ ಕಲಾಯಿ ಬೇಕು. ಆರಿಸುವ ಮುಂಚೆ ತುದಿಗೆ ಒಂದಿಷ್ಟು ಸೋಲ್ಡರ್ ಬಳಿದಿಡಿ. ಕಪ್ಪಾಯಿತೆಂದು ಅರದಿಂದ ಉಜ್ಜಿದರೆ ಮೇಲಿನ ಕಬ್ಬಿಣದ ಲೇಪ ಹೋಗುತ್ತದೆ, ಆಮೇಲೆ ಒಳಗಿನ ತಾಮ್ರವನ್ನು ತವರವೇ ಕರಗಿಸುತ್ತದೆ.

ಸೋಲ್ಡರ್ ತಂತಿಯಲ್ಲಿ ಸೀಸವಿದೆ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂಡ್ರಿ, ಚಿಕ್ಕ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.